ಟರ್ನ್‌ಟೇಬಲ್ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಇಂಗ್ಲೆಂಡಿನ ಆರಂಭಕಾಲದ ರೈಲು ಮಾರ್ಗಗಳಲ್ಲಿ ಎಂಜಿನ್‌ಗಳ ದಿಕ್ಕು ಬದಲಿಸುತ್ತಿದ್ದ ಟರ್ನ್‌ಟೇಬಲ್‌ಗಳ ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಉಗಿ ಎಂಜಿನ್‌ಗೆ ಹಿಂದಕ್ಕೆ ಓಡಲು ಬಾರದೆ ಟರ್ನ್‌ಟೇಬಲ್ ಹುಟ್ಟಿಕೊಂಡಿತೆಂದು ಬರೆದಿದ್ದೀರಿ. ಇದು ತಪ್ಪು. ಎಂಜಿನ್ ಹಿಮ್ಮುಖವಾಗಿಯೂ ಓಡುತ್ತಿತ್ತು. ಆದರೆ ಎಂಜಿನ್ನಿನ ಹಿಂದೆ ಜೋಡಿಸಿದ, ನೀರು ಮತ್ತು ಕಲ್ಲಿದ್ದಲು ಹೊತ್ತ ಬಂಡಿಯಾದ ಟೆಂಡರ್ ಮುಂದಾದಾಗ ಅದರ ಕಲ್ಲಿದ್ದಲ ರಾಶಿ ಚಾಲಕನ ನೋಟಕ್ಕೆ ಅಡ್ಡವಾಗುತ್ತಿತ್ತು, ಗಾಳಿಮಳೆಯೂ ಇದ್ದಲ ಪುಡಿಯೂ ನೇರವಾಗಿ ಮುಖಕ್ಕೆ ಹೊಡೆಯುತ್ತಿದ್ದವು. ದೂರದ, ವೇಗದ ಓಟಕ್ಕೆ ಅದು ಒಗ್ಗುತ್ತಿರಲಿಲ್ಲ.

ಆರಂಭಕಾಲದ ರೈಲು ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಅವರ ಬಾಲ್ಯಕ್ಕೆ ನಾಲ್ಕು ಪ್ಯಾರಾ ಕೊಟ್ಟಿದ್ದೀರಿ. ಅವನ್ನು ತೆಗೆದುಹಾಕಿ.

ನನಗೆ ನಿಜವಾಗಿ ಬೇಸರವಾದದ್ದು, "ಇಬ್ಬರು ಆಳುಗಳು ಎಂಜಿನ್ನನ್ನು ತಳ್ಳಿ ತಿರುಗಿಸುತ್ತಿದ್ದರು" ಎಂಬ ಒಂದೇ ವಾಕ್ಯದಲ್ಲಿ ನೀವು ಲೇಖನದ ಜೀವಾಳವನ್ನೇ ದಾಟಿಹೋಗಿರುವುದಕ್ಕೆ. ಹತ್ತಾರು ಟನ್ ತೂಕವನ್ನು ಇಬ್ಬರು ಹೇಗೆ ತಿರುಗಿಸಿದರು ಎಂದು ಓದುಗರು ಕೇಳದೆ ಇರುತ್ತಾರೆಯೇ? ದುಂಡನೆಯ ಗುಂಡಿಯ ನಡುವೆ ಗಟ್ಟಿಯಾದ ಒಂದು ತಿರುಗಣಿ, ಅದರ ಮೇಲೆ ಹಳಿ ಹೊತ್ತ ಸೇತುವೆ, ಸೇತುವೆಯ ಎರಡು ತುದಿಗಳ ಕೆಳಗೆ ವರ್ತುಲಾಕಾರದ ಹಳಿಯ ಮೇಲೆ ಉರುಳುವ ಚಿಕ್ಕ ಚಕ್ರಗಳು. ಎಂಜಿನ್ ಮತ್ತು ಟೆಂಡರಿನ ಒಟ್ಟು ಭಾರ ಸರಿಯಾಗಿ ತಿರುಗಣಿಯ ಮೇಲೆಯೇ ಕೂರುವಂತೆ ಚಾಲಕ ನಿಧಾನವಾಗಿ ಮುಂದೆ ಹಿಂದೆ ಸರಿಸಿ ನಿಲ್ಲಿಸಬೇಕಿತ್ತು. ತುಸು ಆಚೀಚೆಯಾದರೂ ಒಂದು ತುದಿಯ ಚಕ್ರಗಳು ಕೆಳಗಿನ ಹಳಿಯನ್ನು ಒತ್ತಿ ಹಿಡಿದು ಎಷ್ಟು ನೂಕಿದರೂ ಸೇತುವೆ ಕದಲುತ್ತಿರಲಿಲ್ಲ. ಟೆಂಡರಿನಲ್ಲಿ ಉಳಿದ ನೀರು, ಇದ್ದಲಿನ ಪ್ರಮಾಣಕ್ಕೆ ತಕ್ಕಂತೆ ಈ ಸಮತೋಲದ ಜಾಗವೂ ಬದಲಾಗುತ್ತಿತ್ತು. ಈ ಕೈಚಳಕವನ್ನು ವಿಸ್ತಾರವಾಗಿ ಬರೆಯಿರಿ.

ಮೊದಮೊದಲ ಟರ್ನ್‌ಟೇಬಲ್‌ಗಳು ಎಷ್ಟು ಚಿಕ್ಕವಾಗಿದ್ದವೆಂದರೆ ಎಂಜಿನ್ನನ್ನೂ ಟೆಂಡರನ್ನೂ ಕಳಚಿ ಬೇರೆ ಬೇರೆಯಾಗಿ ತಿರುಗಿಸಬೇಕಾಗುತ್ತಿತ್ತು. ಈ ಅಳತೆಯ ಕಥೆಗೆ ಲಂಡನ್ನಿನ ಕ್ಯಾಮ್ಡನ್ ರೌಂಡ್‌ಹೌಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನೀವು ಅದನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. 1847ರಲ್ಲಿ, 24 ಎರಕದ ಕಬ್ಬಿಣದ ಕಂಬಗಳ ವೃತ್ತದ ನಡುವೆ 36 ಅಡಿಯ ಟರ್ನ್‌ಟೇಬಲ್ ಇಟ್ಟು ಕಟ್ಟಿದ ಆ ಭವ್ಯ ಎಂಜಿನ್ ಮನೆ, ಎಂಜಿನ್‌ಗಳು ಉದ್ದವಾಗುತ್ತಾ ಹೋದಂತೆ ಕೆಲವೇ ವರ್ಷಗಳಲ್ಲಿ ಅವುಗಳಿಗೆ ಸಾಲದಾಗಿ, ಮುಂದೆ ಮದ್ಯದ ಉಗ್ರಾಣವಾಯಿತು. ಲೇಖನದ ನಡುಭಾಗದಲ್ಲಿ ಇದು ಬರಲಿ.

ತಿದ್ದಿದ ಪ್ರತಿಯೊಂದಿಗೆ ಗುಂಡಿ, ತಿರುಗಣಿ ಮತ್ತು ತುದಿಚಕ್ರಗಳನ್ನು ತೋರಿಸುವ ಸರಳ ರೇಖಾಚಿತ್ರವನ್ನೂ ಕಳುಹಿಸಿ. ಬಂದ ಕೂಡಲೇ ಓದುತ್ತೇನೆ.

ಇತಿ,
ಸಂಪಾದಕ