ಮಳೆ ಶುರುವಾದರೆ ಮಗನಿಗೆ ಹೊಟ್ಟೆನೋವು

ಪ್ರಶ್ನೆ: ನಮ್ಮದು ಕಾಪು ಹತ್ತಿರದ ಊರು. ಮಗ ಐದನೇ ಕ್ಲಾಸು, ಎರಡೂ ಕಿವಿಗೆ ಶ್ರವಣ ಸಾಧನ ಉಂಟು. ಬೇಸಿಗೆ ರಜೆಯ ಮೊದಲು ಖುಷಿಯಲ್ಲೇ ಶಾಲೆಗೆ ಹೋಗುತ್ತಿದ್ದ. ಜೂನ್‌ನಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಸಂಜೆ ಬಂದವನೇ ಮೆಷಿನ್ ತೆಗೆದಿಟ್ಟು ತಂಗಿಯ ಮೇಲೆ ರೇಗುತ್ತಾನೆ. ಟೀಚರ್ ‘ಗಮನ ಸಾಲದು’ ಅನ್ನುತ್ತಾರೆ. ಇದು ಸೋಮಾರಿತನವಾ ಮೇಡಂ?

ಉತ್ತರ: ಸೋಮಾರಿತನ ಅಲ್ಲ, ಸುಸ್ತು ಅಂತ ನನಗೆ ಅನಿಸುತ್ತದೆ. ಕ್ಲಾಸಿನ ಮಾಡು (ಚಾವಣಿ) ಶೀಟಿನದಾ, ಒಮ್ಮೆ ನೋಡಿ ಬನ್ನಿ. ಶೀಟಿನ ಮೇಲೆ ಮಳೆ ಬಿದ್ದರೆ ಸದ್ದು ಜೋರು.

ಕನ್ನಡಕ ಹಾಕಿದರೆ ಕಣ್ಣು ಕಾಣುವ ಹಾಗೆ ಶ್ರವಣ ಸಾಧನ ಹಾಕಿದರೆ ಎಲ್ಲ ಸರಿ ಕೇಳುತ್ತದೆ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದು ಟೀಚರ ಮಾತಿನ ಜೊತೆ ಮಳೆ, ಫ್ಯಾನು, ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಅರ್ಧ ಕೇಳಿಸಿದ್ದಕ್ಕೆ ಉಳಿದರ್ಧವನ್ನು ಅವನು ತುಟಿ ನೋಡಿ, ಊಹೆ ಮಾಡಿ ಸೇರಿಸಿಕೊಳ್ಳಬೇಕು. ದಿನವಿಡೀ ಇದೇ ಕೆಲಸ. ಸಂಜೆ ಮೆಷಿನ್ ತೆಗೆಯುವುದು ಅವನಿಗೆ ವಿಶ್ರಾಂತಿ. ಅರ್ಧ ಗಂಟೆ ಸುಮ್ನೆ ಬಿಡಿ, ‘ಇವತ್ತು ಏನು ಪಾಠ ಮಾಡಿದ್ರು’ ಅಂತ ಆಗಲೇ ಶುರು ಮಾಡಬೇಡಿ. ಹೊಟ್ಟೆನೋವನ್ನು ನಾಟಕ ಅನ್ನಲೂಬೇಡಿ. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಮೆಷಿನ್ನನ್ನೂ ಪರೀಕ್ಷೆ ಮಾಡಿಸಿ. ನಮ್ಮ ಕರಾವಳಿಯ ತೇವಕ್ಕೆ ಅದರ ಸದ್ದು ಕುಗ್ಗುವುದುಂಟು. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ.

ಟೀಚರ ಹತ್ತಿರ ದೂರು ಹೇಳುವ ಬದಲು ಮೂರ್ನಾಲ್ಕು ಸಣ್ಣ ವಿಷಯ ಕೇಳಿ. ಅವನನ್ನು ಮುಂದೆ, ಕಿಟಕಿಯಿಂದ ದೂರ ಕೂರಿಸಲಿ. ಬೋರ್ಡಿಗೆ ಮುಖ ಮಾಡಿ ಮಾತಾಡದಿರಲಿ. ‘ಅರ್ಥ ಆಯ್ತಾ?’ ಅಂತ ಕೇಳುವುದು ಮಾತ್ರ ಬೇಡವೇ ಬೇಡ. ಎಲ್ಲರ ಎದುರು ಇಲ್ಲ ಅನ್ನಲು ಯಾವ ಮಗುವಿಗೆ ಧೈರ್ಯ ಬರುತ್ತದೆ? ತಲೆ ಆಡಿಸಿಬಿಡುತ್ತಾನೆ. ‘ನಾನು ಏನು ಹೇಳಿದೆ, ಹೇಳು’ ಅಂತ ಮೆಲ್ಲಗೆ ಕೇಳಿದರೆ ಗೊತ್ತಾಗುತ್ತದೆ. ಇದೇನೂ ಉಪಕಾರ ಅಲ್ಲ. ಸರ್ಕಾರದ ಮಾನ್ಯತೆ ಇರುವ ಶಾಲೆ ಮಗುವಿಗೆ ಬೇಕಾದ ಇಂಥ ಹೊಂದಾಣಿಕೆ ಮಾಡಿಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್‌ನಲ್ಲೇ ಇದೆ.

ಯಾರಾದರೂ ‘ಕೆಪ್ಪ’ ಅಂತ ಕರೆಯುತ್ತಾರಾ ಅಂತ ನೇರ ಕೇಳಿದರೆ ಬಾಯಿ ಬಿಡಲಿಕ್ಕಿಲ್ಲ. ಮಧ್ಯಾಹ್ನ ಯಾರ ಜೊತೆ ಊಟ ಮಾಡಿದೆ ಅಂತ ಕೇಳಿ, ಉತ್ತರ ಅದರಲ್ಲೇ ಸಿಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ವಾರದಲ್ಲಿ ಸರಿಹೋಗದಿದ್ದರೆ, ನಿದ್ದೆ ಊಟ ಕೆಟ್ಟರೆ, ಆಪ್ತಸಮಾಲೋಚಕರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಹಾಂ, ಉಕ್ತಲೇಖನವನ್ನು ಮಳೆ ನಿಂತ ಮೇಲೆ ಕೊಡಲು ಹೇಳಿ. ಜುಲೈಯಲ್ಲಿ ನಿಲ್ಲುವುದೇ ಕಷ್ಟ, ಅಲ್ವಾ? ಹಾಗಾದರೆ ಟೀಚರ್ ಅವನ ಬೆಂಚಿನ ಹತ್ತಿರ ನಿಂತು ಓದಲಿ.