ಮಂಗಳೂರಿನಲ್ಲಿ ಮೊದಲ ಕ್ರಿಸ್‌ಮಸ್ ಊಟ: ಏನು ಕುಡಿಯುವುದು, ಎಷ್ಟು ಕುಡಿಯುವುದು?

ನೀವು ಕೇಳಿದ್ದು ಇಷ್ಟು. ಧಾರವಾಡದಿಂದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದೀರಿ. ಆಫೀಸಿನ ಗೆಳೆಯರೊಬ್ಬರು ಕ್ರಿಸ್‌ಮಸ್ ಊಟಕ್ಕೆ ಮನೆಗೆ ಕರೆದಿದ್ದಾರೆ. ಅಲ್ಲಿ ವೈನ್, ವಿಸ್ಕಿ, ಕಾಕ್‌ಟೇಲ್ ಎಲ್ಲ ಇರುತ್ತದಂತೆ. ನಿಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ. ನಿಮಗೆ ರುಚಿ ನೋಡುವ ಆಸೆ ಇದೆ, ಜೊತೆಗೆ ಭಯವೂ ಇದೆ. ಹೇಗೆ ಕುಡಿಯಬೇಕು, ಎಷ್ಟು ಸಾಕು, ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು?

ನಾನು ಮಂಗಳೂರಿನ ಬಿಜೈಯವಳು. ಮದುವೆಯಾಗಿ ಈ ಮನೆಗೆ ಬಂದು 31 ವರ್ಷ ಆಯಿತು. ಅಂದಿನಿಂದ ಪ್ರತಿ ನವೆಂಬರ್‌ನಲ್ಲಿ ಭರಣಿಯಲ್ಲಿ ವೈನ್ ಹಾಕುತ್ತಾ ಬಂದಿದ್ದೇನೆ. ನನ್ನ ಅನುಭವದಲ್ಲಿ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ತಿನ್ನಿ. ನಮ್ಮ ಮನೆಗಳಲ್ಲಿ ಒಳಗೆ ಬಂದು ಕೂತ ಕೂಡಲೇ ಕುಸ್ವಾರ್ ತಟ್ಟೆ ಬರುತ್ತದೆ. ಕ್ರಿಸ್‌ಮಸ್‌ಗೆಂದೇ ಮಾಡುವ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಅನ್ನುತ್ತೇವೆ. ನೆವ್ರ್ಯೊ ಅಂದರೆ ನಿಮ್ಮ ಕಡೆಯ ಕರ್ಚಿಕಾಯಿಯ ಅಕ್ಕ. ಕಿಡ್ಯೊ ಅಂದರೆ ಫೋರ್ಕಿನ ಹಲ್ಲಿನ ಮೇಲೆ ಹಿಟ್ಟು ಸುತ್ತಿ ಕರಿದು ಸಕ್ಕರೆ ಪಾಕಕ್ಕೆ ಹಾಕಿದ್ದು. ರೋಸ್ ಕುಕ್ಕೀಸ್, ಚಕ್ಕುಲಿ, ಎಳ್ಳುಂಡೆ, ಪೇರಳೆಯ ಪೆರಾಡ್, ಪ್ಲಮ್ ಕೇಕ್ ಕೂಡ ಇರುತ್ತವೆ. ಮುಜುಗರ ಬೇಡ, ಚೆನ್ನಾಗಿ ತಿನ್ನಿ. ಖಾಲಿ ಹೊಟ್ಟೆಗೆ ಬಿದ್ದ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಆಹಾರ ಇದ್ದರೆ ಅದೇ ಗ್ಲಾಸು ನಿಧಾನವಾಗಿ ಏರುತ್ತದೆ.

ಆ ತಟ್ಟೆಯ ಪಕ್ಕದಲ್ಲಿ ಸಣ್ಣ ಗ್ಲಾಸಿನಲ್ಲಿ ಬರುವುದೇ ಮನೆಯ ವೈನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅದನ್ನು ಕೊಡುವವರು ತಿಂಗಳುಗಟ್ಟಲೆ ಕಾದಿರುತ್ತಾರೆ.

ನನಗೆ ಕಲಿಸಿದ್ದು ನನ್ನ ಅತ್ತೆ. ಬೀಜ ಇರುವ ಕಪ್ಪು ದ್ರಾಕ್ಷಿಯೇ ಬೇಕು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ, ಬೆಂಗಳೂರು ಬ್ಲೂ ಅನ್ನುವ ತಳಿ. ಒಂದು ಕೆಜಿ ದ್ರಾಕ್ಷಿಗೆ ಒಂದು ಕೆಜಿ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆಯ ಮೂಲೆಯಲ್ಲಿ ಇಡುವುದು. ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ತಿರುಗಿಸುವುದು. 21 ದಿನ ಆದಮೇಲೆ ಸೋಸಿ, ತಿಳಿಯಾಗಲು ಮತ್ತೆ 21 ದಿನ ಬಿಡುವುದು. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯ ಮಾಡುತ್ತದೆ, ಜೊತೆಗೆ ಗ್ಯಾಸ್ ಬಿಡುತ್ತದೆ. ಆ ಗ್ಯಾಸ್ ಹೊರಗೆ ಹೋಗಲೇಬೇಕು. ಅತ್ತೆ ತೀರಿಕೊಂಡ ವರ್ಷ ನಾನು ಒಬ್ಬಳೇ ವೈನ್ ಹಾಕಿದ್ದೆ. ಅದು ಪೂರ್ತಿ ಆಗುವ ಮೊದಲೇ ಬಾಟಲಿಗೆ ತುಂಬಿಸಿ ಬಿರಡೆ ಬಿಗಿದಿದ್ದೆ. ರಾತ್ರಿ ಎರಡು ಗಂಟೆಗೆ ಕಪಾಟಿನೊಳಗೆ ಎರಡು ಬಾಟಲಿ ಸಿಡಿದವು. ಗಾಜಿನ ಚೂರು ಮಕ್ಕಳ ಮಂಚದ ತನಕ ಹಾರಿತ್ತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರಾದರೂ ಉಳಿದ ವೈನನ್ನು ನಿಮಗೆ ಬಾಟಲಿಯಲ್ಲಿ ಕೊಟ್ಟು ಕಳಿಸಿದರೆ ಅದನ್ನು ಫ್ರಿಜ್ಜಿನಲ್ಲೇ ಇಡಿ. ಮುಚ್ಚಳ ಸ್ವಲ್ಪ ಸಡಿಲ ಇರಲಿ.

ಮನೆಯ ವೈನ್ ಸಿಹಿ. ಅದಕ್ಕೇ ಅದರ ಬಲ ನಾಲಿಗೆಗೆ ಗೊತ್ತಾಗುವುದಿಲ್ಲ. ಜ್ಯೂಸ್ ಅಂದುಕೊಂಡು ನಾಲ್ಕು ಗ್ಲಾಸ್ ಇಳಿಸಿದವರು ಎದ್ದು ನಿಲ್ಲುವಾಗ ಗೋಡೆ ಹಿಡಿದದ್ದನ್ನು ನೋಡಿದ್ದೇನೆ. ಒಂದು ಗ್ಲಾಸು ಗುಟುಕು ಗುಟುಕಾಗಿ ಕುಡಿಯಿರಿ. ಚೆನ್ನಾಗಿದ್ದರೆ ಮನೆಯಾಕೆಗೆ ಬಾಯಿ ಬಿಟ್ಟು ಹೇಳಿ. ಅವರಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ. ಇನ್ನೊಂದು ಮಾತು: ಡಿಸೆಂಬರ್‌ನಲ್ಲಿ "ಹೋಮ್ ಮೇಡ್ ವೈನ್ ಸಿಗುತ್ತದೆ" ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ಲೈಸೆನ್ಸ್ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಯಾರ ಅಡುಗೆಮನೆಯದ್ದು ಅಂತ ಗೊತ್ತಿಲ್ಲದ್ದನ್ನು ದುಡ್ಡು ಕೊಟ್ಟು ತರಬೇಡಿ.

ಇನ್ನು ಅಂಗಡಿಯ ವೈನ್. ನಮ್ಮಲ್ಲಿ "ವೈನ್ ಶಾಪ್" ಅಂದರೆ ವಿಸ್ಕಿ, ಬ್ರಾಂದಿ, ಬಿಯರ್ ಅಂಗಡಿ. ವೈನ್ ಬಾಟಲಿಗಳು ಮೇಲಿನ ಶೆಲ್ಫಿನಲ್ಲಿ ಬಿಸಿಯಲ್ಲಿ ನಿಂತಿರುತ್ತವೆ. ಸಾಧ್ಯವಾದರೆ ಏಸಿ ಇರುವ ಅಂಗಡಿಯಲ್ಲಿ ಕೊಳ್ಳಿ. ಮೊದಲ ಸಲ ಕುಡಿಯುವವರಿಗೆ ಶೆನಾ ಬ್ಲಾಂ ಅನ್ನುವ ಬಿಳಿ ವೈನ್ ಒಳ್ಳೆಯದು. ನಾಸಿಕ್‌ನ ಸುಲಾದವರದ್ದು ಸ್ವಲ್ಪ ಸಿಹಿಯಾಗಿ, ಹಗುರವಾಗಿ ಇರುತ್ತದೆ. ಕಾಣೆ ಮೀನಿನ ಫ್ರೈಗೂ ಹೊಂದುತ್ತದೆ. ಕೆಂಪು ಬೇಕೆಂದರೆ ನಂದಿಬೆಟ್ಟದ ಹತ್ತಿರದ ಗ್ರೋವರ್‌ನವರ ಲಾ ರಿಸರ್ವ್ ಇದೆ. ಅವರು ಶುರು ಮಾಡಿದ್ದು 1988ರಲ್ಲಿ. ನಮ್ಮದೇ ರಾಜ್ಯದ ಮಣ್ಣಿನ ವೈನ್ ಮೇಜಿನ ಮೇಲಿದ್ದರೆ ನನಗೆ ತುಂಬಾ ಖುಷಿ.

ಕೆಂಪು ವೈನನ್ನು ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಓದಿರುತ್ತೀರಿ. ಅದು ಯುರೋಪಿನ ಚಳಿಯ ಮನೆಗಳ ಮಾತು, 16ರಿಂದ 18 ಡಿಗ್ರಿ. ನಮ್ಮೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಮದ್ಯದ ಘಾಟು ಮಾತ್ರ ಮೂಗಿಗೆ ಬರುತ್ತದೆ. ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಮತ್ತೊಂದು, ಸಿಹಿ ಇಲ್ಲದ ಕೆಂಪು ವೈನನ್ನು ಪ್ಲಮ್ ಕೇಕಿನ ಜೊತೆ ಕುಡಿಯಬೇಡಿ. ಕೇಕಿನ ಸಿಹಿಯ ಎದುರು ವೈನ್ ಬರೀ ಹುಳಿ ಅನಿಸುತ್ತದೆ. ಕೇಕಿಗೆ ಮನೆಯ ಸಿಹಿ ವೈನೇ ಸರಿ. ಖಾರದ ದುಕ್ರಾ ಮಾಸ್ ಬಫಾತ್, ಅಂದರೆ ಹಂದಿಮಾಂಸದ ಸಾರಿನ ಜೊತೆ ಬಲವಾದ ಮದ್ಯ ಕುಡಿದರೆ ಬಾಯಿಯ ಉರಿ ಇನ್ನೂ ಏರುತ್ತದೆ. ಬಫಾತ್ ತಿನ್ನುವ ಹೊತ್ತಿಗೆ ನಾನು ಗ್ಲಾಸು ಪಕ್ಕಕ್ಕಿಟ್ಟು ಸನ್ನಾ, ಅಂದರೆ ಇಡ್ಲಿಯಂಥ ಅಕ್ಕಿಯ ತಿಂಡಿಯ ಕಡೆ ಗಮನ ಕೊಡುತ್ತೇನೆ. ಆ ಸನ್ನಾ ಉಬ್ಬುವುದೂ ಶೇಂದಿಯಿಂದಲೇ, ಹಳೆಯ ಕ್ರಮದಲ್ಲಿ ಮಾಡಿದರೆ.

ವಿಸ್ಕಿ ನಮ್ಮವರ ಇಲಾಖೆ. ಅವರು ಗಲ್ಫ್‌ನಲ್ಲಿ ಇದ್ದಾಗ ಪ್ರತಿ ರಜೆಗೆ ಡ್ಯೂಟಿ ಫ್ರೀಯಿಂದ ಎರಡು ಲೀಟರ್ ತರುತ್ತಿದ್ದರು. ಅಷ್ಟಕ್ಕೇ ಅನುಮತಿ. ಆಗ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನದ್ದು ಒಂದೇ ವಿಸ್ಕಿ ಅನ್ನುವ ಭಾವನೆ ಇತ್ತು. ಈಗ ಅವರು ಪ್ರೀತಿಯಿಂದ ತೆರೆಯುವುದು ಬೆಂಗಳೂರಿನ ಅಮೃತ್. ಆ ಕಂಪನಿ ಶುರುವಾದದ್ದು 1948ರಲ್ಲಿ. ಅವರ ಸಿಂಗಲ್ ಮಾಲ್ಟ್ ಮೊದಲು ಮಾರಾಟಕ್ಕೆ ಬಂದದ್ದು 2004ರಲ್ಲಿ, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ಊರಿಗೇ ಹೋಗಿ ತೋರಿಸಿದರು, ಅಲ್ವಾ? ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾತ್ರ ಮಾಡಿದ್ದು. ನಮ್ಮ ದೇಶದ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಸೇರಿಸಿದವು.

ಬಾಟಲಿಯ ಮೇಲೆ 12 ವರ್ಷ, 18 ವರ್ಷ ಅಂತ ಇದ್ದರೆ ಮಾತ್ರ ಒಳ್ಳೆಯದು ಅಂತ ತಿಳಿಯಬೇಡಿ. ಮರದ ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2%ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ 10%ಕ್ಕೂ ಜಾಸ್ತಿ ಹೋಗುತ್ತದೆ. ಇಲ್ಲಿನ ಸೆಖೆಗೆ ಅದು ಬೇಗ ಪಕ್ವವಾಗುತ್ತದೆ. 18 ವರ್ಷ ಕಾದರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ.

ನಿಮಗೆ ಯಾರಾದರೂ ಸಿಂಗಲ್ ಮಾಲ್ಟ್ ಕೊಟ್ಟರೆ 30 ಎಂಎಲ್ ಸಾಕು ಅನ್ನಿ. ಅದೇ ಸಣ್ಣ ಪೆಗ್. ಮೊದಲು ಹಾಗೇ ಮೂಗಿನ ಹತ್ತಿರ ಹಿಡಿಯಿರಿ. ಆಮೇಲೆ ಒಂದು ಚಮಚ ನೀರು ಹಾಕಿ ಮತ್ತೆ ಮೂಸಿ ನೋಡಿ. ಘಾಟು ಇಳಿದು ಪರಿಮಳ ಬಿಚ್ಚಿಕೊಳ್ಳುತ್ತದೆ. ಕೋಲಾ ಹಾಕಿದರೆ ಆ ಪರಿಮಳ ಮುಚ್ಚಿಹೋಗುತ್ತದೆ. ಒಂದೇ ಗುಟುಕಿಗೆ ಎತ್ತುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ. ನಮ್ಮವರ ಒಂದು ಪೆಗ್ ಒಂದು ಗಂಟೆ ಬರುತ್ತದೆ.

ಕಾಕ್‌ಟೇಲ್ ನನ್ನ ಮಗಳಿಂದ ಬಂದದ್ದು. ಅವಳು ಬೆಂಗಳೂರಿನಿಂದ ಬಂದಾಗ ಮಾಡುವುದು ಪುನರ್ಪುಳಿ ಜಿನ್. ಪುನರ್ಪುಳಿ ಅಂದರೆ ಕೋಕಂ, ನಮ್ಮ ಕಡೆ ಎಲ್ಲ ಮನೆಯಲ್ಲೂ ಒಣಗಿಸಿದ ಸಿಪ್ಪೆ ಇರುತ್ತದೆ. ಅದನ್ನು ನೆನೆಸಿ, ಸಕ್ಕರೆ ಹಾಕಿ ದಪ್ಪ ಶರಬತ್ತು ಮಾಡಿಕೊಳ್ಳುತ್ತಾಳೆ. ಆ ಶರಬತ್ತು ಎರಡು ಚಮಚ, ಜಿನ್ 30 ಎಂಎಲ್, ಅರ್ಧ ಲಿಂಬೆ, ಚಿಟಿಕೆ ಉಪ್ಪು, ಐಸ್, ಮೇಲೆ ಸೋಡಾ. ಬಣ್ಣವೇ ಹಬ್ಬದ ಬಣ್ಣ. ಇನ್ನೊಂದು ವಿಸ್ಕಿಯದ್ದು. ಓಲೆಬೆಲ್ಲ (ತಾಳೆಬೆಲ್ಲ) ಕರಗಿಸಿದ ಒಂದು ಚಮಚ ಪಾಕ, ವಿಸ್ಕಿ, ಕಿತ್ತಳೆ ಸಿಪ್ಪೆಯ ತುಂಡು ಹಿಂಡಿದ್ದು, ದೊಡ್ಡ ಐಸ್. ನನಗೆ ಇದು ಅಂಗಡಿಯ ಯಾವ ಸಿರಪ್ಪಿಗಿಂತಲೂ ಮೇಲು. ಜಿನ್ ಬಿಟ್ಟು ಪುನರ್ಪುಳಿ ಸೋಡಾ ಕುಡಿದರೂ ಅಷ್ಟೇ ರುಚಿ. ನಮ್ಮ ಮನೆಯಲ್ಲಿ ಅರ್ಧ ಜನ ಅದನ್ನೇ ಹಿಡಿದು ಕೂರುತ್ತಾರೆ. ಯಾರ ಗ್ಲಾಸಿನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಆ ದಿನ ನಿಮಗೆ ಮನಸ್ಸಾಗದಿದ್ದರೆ ಅದನ್ನೇ ಕೇಳಿ. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೂ ಅದೇ ಒಳ್ಳೆಯದು.

ಎಷ್ಟು ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ, ಯಾಕೆಂದರೆ ಇದರಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ನಮ್ಮ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ 42.8% ಮದ್ಯ. 30 ಎಂಎಲ್ ಪೆಗ್ಗಿನಲ್ಲಿ ಸುಮಾರು 13 ಎಂಎಲ್ ಶುದ್ಧ ಮದ್ಯ ಆಯಿತು. 12%ನ ವೈನ್ 150 ಎಂಎಲ್ ಗ್ಲಾಸಿನಲ್ಲಿ 18 ಎಂಎಲ್. ಅಂದರೆ ಒಂದು ಗ್ಲಾಸು ವೈನ್ ಒಂದು ಸಣ್ಣ ಪೆಗ್ಗಿಗಿಂತ ಜಾಸ್ತಿ! 8%ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿ ಪೂರ್ತಿ ಕುಡಿದರೆ ನಾಲ್ಕು ಸಣ್ಣ ಪೆಗ್ಗಿಗೆ ಸಮ. "ಬರೀ ಬಿಯರ್ ಕುಡಿದದ್ದು" ಅನ್ನುವ ಮಾತನ್ನು ನಂಬಬೇಡಿ. ಒಂದು ಸಣ್ಣ ಪೆಗ್ ಕರಗಿಸಲು ದೇಹಕ್ಕೆ ಒಂದು ಗಂಟೆಯಾದರೂ ಬೇಕು. ಕಾಫಿ, ತಣ್ಣೀರು ಸ್ನಾನ, ಲಿಂಬೆ ಶರಬತ್ತು ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಮೊದಲ ಸಲಕ್ಕೆ ಒಂದು ಸಣ್ಣ ಗ್ಲಾಸು ಮನೆಯ ವೈನ್, ಊಟಕ್ಕೆ ಮುಂಚೆ ಒಂದು ಸಣ್ಣ ಪೆಗ್ ಅಥವಾ ಒಂದು ಕಾಕ್‌ಟೇಲ್. ನಡುವೆ ಎರಡು ಲೋಟ ನೀರು. ಅಷ್ಟು ಸಾಕು.

ಬೈಕ್ ತೆಗೆದುಕೊಂಡು ಹೋಗಲೇಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡದ ಮಾತು ಬಿಡಿ. ಮಂಗಳೂರಿನ ದಾರಿಗಳ ತಿರುವುಗಳು, ಏರುತಗ್ಗುಗಳು ನಿಮಗೆ ಇನ್ನೂ ಹೊಸವು. ಹೋಗುವಾಗಲೇ ಆಟೋದಲ್ಲಿ ಹೋಗಿ. ತಡವಾದರೆ ಅಲ್ಲೇ ಮಲಗಿ ಅನ್ನುತ್ತಾರೆ, ಸಂಕೋಚ ಇಲ್ಲದೆ ಮಲಗಿ.

ಕೊನೆಗೆ, ಏನು ಹಿಡಿದುಕೊಂಡು ಹೋಗಬೇಕು? ದುಬಾರಿ ಬಾಟಲಿ ಬೇಡ. ಅವರ ಮನೆಯಲ್ಲಿ ಬಾಟಲಿಗಳು ಸಾಕಷ್ಟು ಇರುತ್ತವೆ. ನೀವು ಧಾರವಾಡದವರು, ಪೇಡಾ ತೆಗೆದುಕೊಂಡು ಹೋಗಿ. ಊರಿಂದ ಬರುವವರು ಇದ್ದರೆ 23ಕ್ಕೋ 24ಕ್ಕೋ ತಾಜಾ ತರಿಸಿಕೊಳ್ಳಿ. ಕುಸ್ವಾರ್ ತಟ್ಟೆಯಲ್ಲಿ ಅದಕ್ಕೂ ಜಾಗ ಆಗುತ್ತದೆ. ಹಾಲು ಕಾದು ಕಾದು ಕಂದು ಬಣ್ಣಕ್ಕೆ ತಿರುಗಿದ ಆ ರುಚಿ ಮಾಲ್ಟ್ ವಿಸ್ಕಿಯ ಜೊತೆ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬಂದ ಅತಿಥಿಯೊಬ್ಬರು ತಂದಿದ್ದರು. ನಮ್ಮವರು ಊಟ ಮುಗಿದ ಮೇಲೆ ಗ್ಲಾಸಿನಲ್ಲಿ ಉಳಿದ ಕೊನೆಯ ಗುಟುಕಿಗೆ ಒಂದು ಪೇಡಾ ಮುರಿದು ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಡಬ್ಬ ನನ್ನ ಕಡೆ ತಳ್ಳಿ, "ನೀನೂ ನೋಡು" ಅಂದರು.