ಉಡುಪಿಯಲ್ಲಿ ಫೀಜೋವಾ ಹೂ ಬಿಡುತ್ತಿಲ್ಲವೇ?
ಮೂರು ವರ್ಷವಾದರೂ ಅಂಗಳದ ಫೀಜೋವಾ ಹಣ್ಣಿನ ಗಿಡ ಹೂ ಬಿಟ್ಟಿಲ್ಲ, ಗೊಬ್ಬರ ಕಮ್ಮಿಯಾಯ್ತಾ ಎಂದು ಕೇಳಿದ್ದೀರಿ. ನನಗೆ ಅನುಮಾನ ಇರುವುದು ನಮ್ಮ ಸೆಕೆಯ ಮೇಲೆ. ಅದು ದಕ್ಷಿಣ ಬ್ರೆಜಿಲ್, ಉರುಗ್ವೆ ಕಡೆಯ ಗಿಡ. ಚೆನ್ನಾಗಿ ಹೂ ಬಿಡಲು ಒಂದಷ್ಟು ಚಳಿ ಬೇಕು. ಉಡುಪಿಯಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಹಾಕಿಯೇ ಮಲಗುವುದು ಅಲ್ವಾ! ಹಲವು ತಳಿಗಳಿಗೆ ಕಾಯಿ ಕಚ್ಚಲು ಪಕ್ಕದಲ್ಲಿ ಬೇರೆ ತಳಿಯ ಗಿಡವೂ ಇರಬೇಕು. ಸುಮ್ನೆ ಗೊಬ್ಬರ ಸುರಿದರೆ ಎಲೆ ಮಾತ್ರ ಜಾಸ್ತಿ.

ಅಪ್ಪಿತಪ್ಪಿ ಹೂ ಬಿಟ್ಟರೆ ಒಂದು ಎಸಳು ಕಿತ್ತು ತಿನ್ನಿ. ದಪ್ಪಗೆ, ಹೊರಗೆ ಬಿಳಿ, ಒಳಗೆ ಕೆಂಪು, ಸಿಹಿ ಇರುತ್ತದೆ. ಹಣ್ಣಾದರೂ ಸಿಪ್ಪೆ ಹಸಿರೇ, ಹಾಗಾಗಿ ತಾನಾಗಿ ಉದುರುವವರೆಗೆ ಕಾಯಿರಿ. ಅಡ್ಡಕ್ಕೆ ಕತ್ತರಿಸಿ ಚಮಚದಲ್ಲಿ ತೋಡಿ ತಿನ್ನುವುದು. ಅನಾನಸಿಗೂ ಪೇರಳೆಗೂ ನಡುವಿನ ರುಚಿ. ನನ್ನನ್ನು ಕೇಳಿದರೆ, ಆ ಜಾಗದಲ್ಲಿ ಅದರದ್ದೇ ಕುಟುಂಬದ ಪೇರಳೆ ನೆಡಿ.